ತಲೆ ಎಣಿಸುವ ಕೆಲಸ

ಹೋದ ವಾರ ಕಾರಿನ ಡಿಕ್ಕಿ ಖಾಲಿ ಮಾಡುವಾಗ ಸ್ಟೆಪ್ನಿ ಟೈರಿನ ಕೆಳಗಿನಿಂದ ಒಂದು ಹಳದಿ ವೆಸ್ಟ್ ಸಿಕ್ಕಿತು. ರಸ್ತೆ ರಿಪೇರಿಯವರು, ಶಾಲೆಯ ಮುಂದೆ ಮಕ್ಕಳನ್ನು ದಾಟಿಸುವವರು ಅಂಗಿಯ ಮೇಲೆ ಹಾಕಿಕೊಳ್ಳುತ್ತಾರಲ್ಲ, ಬೆಳಕು ಬಿದ್ದರೆ ಮಿರಮಿರ ಮಿಂಚುವ ಪಟ್ಟಿಯದು, ಅಂಥದ್ದು. ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ‘ಸೇಫ್ಟಿ’ ಎಂದು ಬರೆದಿದೆ. ನನ್ನ ಹೆಂಡತಿ ಸುಮಾ ಅದನ್ನು ಎರಡೇ ಬೆರಳಿನಲ್ಲಿ ಎತ್ತಿ ಹಿಡಿದು, “ರೀ, ಇದನ್ನ ಎಸೆದ್ಬಿಡ್ಲಾ?” ಎಂದಳು.

“ಇರ್ಲಿ ಬಿಡು” ಎಂದೆ.

ಅವಳು ಮತ್ತೇನೂ ಕೇಳದೆ ಮಡಚಿ ಒಳಗಿಟ್ಟಳು. ಅವಳಿಗೆ ಕತೆ ಗೊತ್ತು. ನಿಮಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಮೊಟ್ಟೆ ಹಾಕಿದ ಕೇಕು ತಿಂದದ್ದೇ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅದೂ ಮೊಟ್ಟೆ ಹಾಕಿದ್ದಾರೆಂದು ಗೊತ್ತಿಲ್ಲದೆ. ಇರುವೆ ಸಾಲು ಕಂಡರೆ ದಾಟಿ ಹೋಗುವ ಮನುಷ್ಯ. ಇಂಥ ನಾನು ಐರ್ಲೆಂಡಿನಲ್ಲಿ ಒಂದಿಡೀ ವಸಂತಕಾಲ, ಮಕ್ಕಳಿಗೆ ಬೇಟೆಯ ಸುರಕ್ಷತೆ ಕಲಿಸುವ ತರಗತಿಯಲ್ಲಿ ಸ್ವಯಂಸೇವಕನಾಗಿದ್ದೆ. ಊರಿನಲ್ಲಿ ಯಾರಿಗೂ ಇದನ್ನು ಹೇಳಿಲ್ಲ. ಹೇಳಿದರೂ ನಂಬುವುದಿಲ್ಲ.

ಬಂದೂಕಿಗೂ ನನಗೂ ಅದಕ್ಕೆ ಮುಂಚೆ ಇದ್ದ ನಂಟು ತೀರ ಬಡಕಲು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆಯುವಾಗ ದೀಪಾವಳಿಗೆ ತಗಡಿನ ಪಿಸ್ತೂಲು, ಅದಕ್ಕೆ ಸುರುಳಿ ಕೇಪು. ಹಬ್ಬ ಮುಗಿಯುವ ಮೊದಲೇ ಅದರ ಕುದುರೆ ಮುರಿದು, ಕೇಪನ್ನು ಕಲ್ಲಿನಿಂದ ಜಜ್ಜಿ ಸದ್ದು ಕೇಳುತ್ತಿದ್ದೆವು. ಕ್ಯಾಟರ್‌ಬಿಲ್ಲು ಹಿಡಿದು ಮಾವಿನಕಾಯಿಗೆ ಗುರಿಯಿಟ್ಟು ಪಕ್ಕದ ಮನೆಯ ಹಂಚು ಒಡೆದದ್ದುಂಟು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದು, ಪರೇಡಿನ ನಂತರ ಕೊಡುತ್ತಿದ್ದ ಪೂರಿ ಸಾಗುವಿಗೆ. ಅಲ್ಲಿ ಒಮ್ಮೆ ಮಲಗಿಸಿ ರೈಫಲ್ ಕೊಟ್ಟು ಐದು ಗುಂಡು ಹೊಡೆಸಿದರು. ನನ್ನ ಗುರಿಹಲಗೆ ಹೊಸ ಮದುಮಗನ ಪಂಚೆಯ ಹಾಗೆ ಕಲೆಯಿಲ್ಲದೆ ಬಂತು. ಹವಾಲ್ದಾರರು ಅದನ್ನು ಬಿಸಿಲಿಗೆ ಹಿಡಿದು ನೋಡಿ, “ನೀನು ದೇಶ ಕಾಯಕ್ಕೆ ಹೋಗ್ಬೇಡಪ್ಪ, ಲೆಕ್ಕಪತ್ರದ ಕಡೆ ಹೋಗು” ಎಂದರು. ಸುಮಾರಾಗಿ ಹಾಗೇ ಆಯಿತು. ಈಗ ನಾನು ಇಲ್ಲೇ ಐರ್ಲೆಂಡಿನಲ್ಲಿ, ಸ್ಯಾಂಡಿಫರ್ಡಿನ ಒಂದು ವಿಮಾ ಕಂಪನಿಯಲ್ಲಿದ್ದೇನೆ. ಅಪಘಾತವಾದಾಗ ಯಾರದು ಎಷ್ಟು ತಪ್ಪು ಎಂದು ಕಾಗದ ನೋಡಿ ತೀರ್ಮಾನಿಸುವುದು ನನ್ನ ಕೆಲಸ. ಬೇರೆಯವರ ತಪ್ಪನ್ನು ಎಷ್ಟು ತಣ್ಣಗೆ ಅಳೆಯಬಹುದು ಎಂಬುದರಲ್ಲಿ ನನಗೆ ಒಳ್ಳೆಯ ಹೆಸರಿದೆ.

ನಾನು ಹೇಳುತ್ತಿರುವ ವಸಂತ ಕೋವಿಡ್ ಬಂದು ಎರಡನೆಯ ವರ್ಷದ್ದು. ನನ್ನ ಆಫೀಸು ಮಲಗುವ ಕೋಣೆಯ ಕಿಟಕಿಗೆ ಬಂದಿತ್ತು. ಸುಮಾ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಮನೆಗೆ ಬಂದವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಯಾರನ್ನೂ ಮುಟ್ಟದೆ ನೇರ ಸ್ನಾನಕ್ಕೆ ಹೋಗುತ್ತಿದ್ದಳು. ಮಗಳು ನಿಧಿಗೆ ಹದಿನಾಲ್ಕು. ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅಪ್ಪಟ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಹೇಗಿದ್ದೀಯಾ ಎಂದರೆ, ಆರಾಮಾಗಿದ್ದೀನಿ ಎನ್ನುವ ಇಲ್ಲಿನ ಮಾತು, “ಐ’ಮ್ ಗ್ರ್ಯಾಂಡ್”, ಊಟ ಬೇಕಾ ಎಂದರೂ “ಐ’ಮ್ ಗ್ರ್ಯಾಂಡ್”. ಆ ಚಳಿಗಾಲವೆಲ್ಲ ಅವಳು ಗ್ರ್ಯಾಂಡ್ ಆಗಿರಲಿಲ್ಲ. ಶಾಲೆ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿತ್ತು. ಅವಳು ಕ್ಯಾಮೆರಾ ಆರಿಸಿ ಹಾಸಿಗೆಯಲ್ಲಿ ಮಲಗಿರುತ್ತಿದ್ದಳು.

ಆದ್ದರಿಂದ ಸರ್ಕಾರ ಮಕ್ಕಳಿಗೆ ಬಯಲಿನಲ್ಲಿ ಸಣ್ಣ ಗುಂಪಿನ ತರಬೇತಿಗಳನ್ನು ನಡೆಸಬಹುದು ಎಂದ ದಿನ, ಅವಳು ತಾನಾಗಿ ಕೋಣೆಯಿಂದ ಹೊರಬಂದು, ತನ್ನ ಗೆಳತಿ ಬೆಟ್ಟದ ತಪ್ಪಲಿನ ಗನ್ ಕ್ಲಬ್ಬಿನಲ್ಲಿ ಬೇಟೆ ಸುರಕ್ಷತೆಯ ಕೋರ್ಸಿಗೆ ಸೇರುತ್ತಿದ್ದಾಳೆ, ತಾನೂ ಸೇರುತ್ತೇನೆ ಎಂದಾಗ, ನಾವು ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಭರತನಾಟ್ಯ ಎಂದಿದ್ದರೆ ಚೆನ್ನಾಗಿತ್ತು. ಆದರೆ ಹಾಸಿಗೆ ಬಿಟ್ಟೆದ್ದಳಲ್ಲ.

ಗೆಳತಿಯ ಹೆಸರು ನೀವ್. ಬರೆಯುವುದು ಇನ್ನೇನೋ, ಉಚ್ಚಾರ ಮಾತ್ರ ನಮ್ಮ ‘ನೀವ್’ ಇದ್ದಂತೆಯೇ. ಹದಿನಾಲ್ಕರ ಹುಡುಗಿಯನ್ನು ಕರೆಯುವಾಗಲೆಲ್ಲ ನನಗೆ ಯಾರೋ ಹಿರಿಯರಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತಿತ್ತು. ಅವಳ ಅಮ್ಮ ಫಿಯೋನಾ ಕೋವಿಡ್ ವಾರ್ಡಿನ ನರ್ಸ್. ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದು ಬಿಟ್ಟರೆ ನಾನು ಅವರನ್ನು ನೋಡಿರಲಿಲ್ಲ. ಆ ವರ್ಷ ಯಾರು ಯಾರನ್ನು ನೋಡಿದ್ದರು ಹೇಳಿ.

ಕೋರ್ಸು ನಡೆಸುತ್ತಿದ್ದವರು ಡೆನಿಸ್. ಅರವತ್ತು ದಾಟಿದ ಕುರಿ ಸಾಕಣೆಯ ರೈತ, ಕಿವಿಯಿಂದ ಕಿವಿಗೆ ಕೆಂಪು ಮುಖ. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ, ಆದರೆ ನನ್ನ ನೆನಪಿನಲ್ಲಿ ಅದು ಯಾವಾಗಲೋ ಕನ್ನಡವಾಗಿಬಿಟ್ಟಿದೆ. ಹೆಸರು ಬರೆಸುವ ಶನಿವಾರ ನಿಧಿಯನ್ನು ಬಿಟ್ಟು ವಾಪಸು ಹೊರಟವನನ್ನು ಅವರು ಎರಡು ಮೀಟರ್ ದೂರದಿಂದಲೇ ನಿಲ್ಲಿಸಿದರು.

“ನಮ್ಮ ಹಳೇ ಸ್ವಯಂಸೇವಕರೆಲ್ಲ ಎಪ್ಪತ್ತು ದಾಟಿದವರು. ಹೆದರಿ ಮನೇಲಿ ಕೂತಿದಾರೆ. ನಂಗೆ ಇನ್ನೊಬ್ಬ ದೊಡ್ಡೋರು ಬೇಕು, ಇಲ್ದಿದ್ರೆ ಕೋರ್ಸು ನಡೆಸೋ ಹಾಗಿಲ್ಲ.”

“ನಂಗೆ ಬಂದೂಕಿನ ತಲೆಬುಡ ಗೊತ್ತಿಲ್ಲ” ಎಂದೆ.

“ಬಂದೂಕು ನಾನು ನೋಡ್ಕೋತೀನಿ. ನೀನು ಮಕ್ಕಳನ್ನ ನೋಡ್ಕೋ. ಹತ್ತು ಜನ. ಹತ್ತರವರೆಗೆ ಎಣಿಸಕ್ಕೆ ಬರುತ್ತಲ್ಲ?”

ಬರುತ್ತದೆ ಎಂದೆ. ಎರಡು ಸಂಜೆ ಕಂಪ್ಯೂಟರಿನಲ್ಲಿ ಮಕ್ಕಳ ರಕ್ಷಣೆಯ ಪಾಠ ಕೇಳಿಸಿ, ಪೊಲೀಸ್ ಪರಿಶೀಲನೆಯ ಕಾಗದ ತರಿಸಿಕೊಂಡು, ಒಂದು ಹಳದಿ ವೆಸ್ಟು, ಕೋಲಿಗೆ ಸಿಕ್ಕಿಸಿದ ಒಂದು ಹಸಿರು ಬಾವುಟ ಕೊಟ್ಟರು. ನನ್ನ ಕೆಲಸ ಸರಳ. ಹುಲ್ಲಿನ ಮೇಲೆ ಬಿಳಿ ಹಗ್ಗ ಎಳೆದಿರುತ್ತಾರೆ. ಹಗ್ಗದ ಹಿಂದೆ ಮಕ್ಕಳಿಗೆಲ್ಲ ದೂರ ದೂರ ಬಣ್ಣದ ವೃತ್ತಗಳು. ಒಂದು ಮಗು ಮುಂದೆ ಡೆನಿಸ್ ಪಕ್ಕ ತೋಟಾಕೋವಿ ಹಿಡಿದು ನಿಲ್ಲುತ್ತದೆ. ಉಳಿದ ಒಂಬತ್ತು ವೃತ್ತದೊಳಗಿರಬೇಕು. ಒಂಬತ್ತನ್ನೂ ಎಣಿಸಿ ನಾನು ಬಾವುಟ ಎತ್ತಿದ ಮೇಲೆಯೇ ಡೆನಿಸ್ ಆ ಮಗುವಿಗೆ ತೋಟಾ ಕೊಡುತ್ತಾರೆ. ಆಮೇಲೆ ಯಂತ್ರ ಆಕಾಶಕ್ಕೆ ಮಣ್ಣಿನ ಬಿಲ್ಲೆ ಎಸೆಯುತ್ತದೆ, ಮಗು ಅದಕ್ಕೆ ಹೊಡೆಯುತ್ತದೆ.

ಹಸಿರು ಬಾವುಟ ನನಗೆ ಹೊಸದಲ್ಲ. ನಮ್ಮಪ್ಪ ಗೂಡ್ಸ್ ಗಾಡಿಯಿಂದ ಪ್ಯಾಸೆಂಜರಿಗೆ ಬಡ್ತಿ ಸಿಕ್ಕ ಗಾರ್ಡು. ಅವರ ಬಾವುಟ ಕದ್ದು ಕ್ವಾರ್ಟರ್ಸಿನ ಹಿಂದೆ ಹುಡುಗರನ್ನೆಲ್ಲ ರೈಲು ಮಾಡಿ ಓಡಿಸಿದ್ದಕ್ಕೆ ನಾನು ಏಟು ತಿಂದದ್ದು ಒಂದೆರಡು ಸಲವಲ್ಲ. ಒಮ್ಮೆ ಬೀರೂರಿನಲ್ಲಿ ಯಾರೋ ಮುದುಕಿ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಪ್ಲಾಟ್‌ಫಾರಮ್ಮಿನ ಮೇಲೆ ಇಟ್ಟುಕೊಂಡು ಮೊಮ್ಮಗಳಿಗೆ ಬುದ್ಧಿ ಹೇಳುತ್ತಿದ್ದರಂತೆ. ಅಪ್ಪ ಬಾವುಟ ಎತ್ತಲೇ ಇಲ್ಲ. ಸ್ಟೇಷನ್ ಮಾಸ್ಟರು ಕೂಗಾಡಿದರೂ ಎತ್ತಲಿಲ್ಲ. ಗಾಡಿ ತಡವಾಗಿದ್ದಕ್ಕೆ ಮೆಮೊ ಬಂತು. ಅಪ್ಪ ಆ ಮೆಮೊವನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದರು, ಮಡಚಿ ಜೇಬಿಗಿಟ್ಟರು, ಇನ್ನೊಂದು ಮುದ್ದೆ ಹಾಕಿಸಿಕೊಂಡರು. ನನಗೆ ಆಗ ಅವರು ಬರೀ ಮೊಂಡರೆನಿಸಿದ್ದರು.

ಐದು ಶನಿವಾರ ಚೆನ್ನಾಗಿ ನಡೆಯಿತು. ಮೊದಲ ಮೂರು ವಾರ ನಿಜವಾದ ತೋಟಾ ಇಲ್ಲವೇ ಇಲ್ಲ. ಬೇಲಿ ದಾಟುವಾಗ ಬಂದೂಕನ್ನು ನಡುವಿಗೆ ಮಡಚಿ ಬಿಚ್ಚಿ ಪಕ್ಕದವರ ಕೈಗೆ ಕೊಡುವುದು ಹೇಗೆ, ನಡೆಯುವಾಗ ನಳಿಕೆ ಯಾವ ಕಡೆ ಇರಬೇಕು, ಹೊಡೆಯುವ ಮೊದಲು ಗುರಿಯ ಆಚೆಗೆ ಏನಿದೆ ಎಂದು ನೋಡುವುದು ಹೇಗೆ, ಇದೇ ಪಾಠ. ಡೆನಿಸ್ ಇದನ್ನು ಕುರಿಗೆ ಹೇಳಿದ ಹಾಗೆ ಮತ್ತೆ ಮತ್ತೆ ಹೇಳುತ್ತಿದ್ದರು. “ಆಚೆ ಏನಿದೆ?” ಎಂದು ಅವರು ಕೇಳಿದರೆ ಹತ್ತೂ ಮಕ್ಕಳು ಆಕಳಿಸುತ್ತ ಉತ್ತರ ಹೇಳುತ್ತಿದ್ದವು. ನಾನು ಹಿಂದೆ ನಿಂತು ಎಣಿಸುತ್ತಿದ್ದೆ. ಎಣಿಸಿ ಎಣಿಸಿ ನನಗೆ ಅದರಲ್ಲಿ ಸ್ವಲ್ಪ ಜಂಬವೂ ಬಂದಿತ್ತು. ಕೊನೆ ಕೊನೆಗೆ ಒಂದೇ ನೋಟಕ್ಕೆ ಒಂಬತ್ತು ಎಂದು ಗೊತ್ತಾಗಿಬಿಡುತ್ತಿತ್ತು.

ಆರನೆಯ ಶನಿವಾರ ಗಾಳಿ ಜೋರಾಗಿತ್ತು. ಹಗ್ಗದ ಮುಂದೆ, ಹೊಡೆಯುವ ಬಯಲಿನ ಎಡಗಡೆಯ ದಿಬ್ಬದ ಮೇಲೆ ಗೋರ್ಸ್ ಎಂಬ ಮುಳ್ಳುಪೊದೆ ಮೈತುಂಬ ಹಳದಿ ಹೂ ಬಿಟ್ಟಿತ್ತು. ಇಡೀ ದಿಬ್ಬಕ್ಕೆ ಅರಿಶಿನ ಎರಚಿದ ಹಾಗೆ. ಸರದಿ ನಿಧಿಯದು. ಅವಳು ಮುಂದೆ ಹೋದಳು. ನಾನು ಒಂದೊಂದು ಮಗುವಿನ ಬಳಿಗೂ ಹೋಗಿ ಅಂಗೈಗೆ ಸ್ಯಾನಿಟೈಸರ್ ಹಾಕುತ್ತಿದ್ದೆ. ಅದೂ ನನ್ನದೇ ಕೆಲಸ. ಅಷ್ಟರಲ್ಲಿ ಡೆನಿಸ್ ಅವರ ಮೊಮ್ಮಗಳು, ಈ ಮಕ್ಕಳದೇ ವಯಸ್ಸಿನ ಕ್ಲೇರ್, ಮನೆಯಿಂದ ಚಹಾದ ಫ್ಲಾಸ್ಕ್ ತಂದಳು. ಒಳಗೆ ಬಂದವರೆಲ್ಲ ವೆಸ್ಟ್ ಹಾಕಬೇಕೆಂಬ ನಿಯಮ, ಹಾಕಿಕೊಂಡಳು. ವೃತ್ತದಲ್ಲೇ ನಿಲ್ಲಬೇಕೆಂಬ ನಿಯಮ. ಖಾಲಿಯಿದ್ದ ಒಂದು ವೃತ್ತದಲ್ಲಿ ಹೋಗಿ ನಿಂತಳು.

ನಾನು ಬಾಟಲಿಯ ಮುಚ್ಚಳ ಹಾಕಿ ತಲೆಯೆತ್ತಿ ನೋಡಿದೆ. ಹಳದಿ ವೆಸ್ಟು, ಉಣ್ಣೆ ಟೋಪಿ, ನೀಲಿ ಮಾಸ್ಕು. ಒಂಬತ್ತು. ಬಾವುಟ ಎತ್ತಿದೆ.

ಡೆನಿಸ್ ನಿಧಿಗೆ ತೋಟಾ ಕೊಟ್ಟರು. ಅವಳು ಹಾಕಿದಳು, ಬಂದೂಕು ಮುಚ್ಚಿದಳು, ಹೆಗಲಿಗೆ ತಂದಳು. ಬಿಲ್ಲೆ ಬಿಡಿ ಎಂದು ಅವಳು ಕೂಗಬೇಕು. ಕೂಗಲಿಲ್ಲ. ಬಂದೂಕನ್ನು ಹೆಗಲಿನಿಂದ ಇಳಿಸಿ, ಬಿಚ್ಚಿ, ತೋಟಾ ತೆಗೆದು ಡೆನಿಸ್ ಕೈಗಿಟ್ಟಳು.

“ಅಲ್ಲಿ ಯಾರೋ ಇದಾರೆ” ಎಂದಳು.

“ಎಲ್ಲಿ?”

“ಪೊದೇಲಿ. ನೀಲಿ ಏನೋ ಕಾಣ್ತು. ಆ ಗಿಡದಲ್ಲಿ ನೀಲಿ ಹೂ ಬಿಡಲ್ಲ.”

ಡೆನಿಸ್ ಜೋರಾಗಿ ಸೀಟಿ ಊದಿದರು. ಹಳದಿ ದಿಬ್ಬದಿಂದ ಒಂದು ಹಳದಿ ತುಂಡು ಕಳಚಿಕೊಂಡು ಎದ್ದು ನಿಂತಿತು. ನೀವ್. ಅವಳ ಮಾಸ್ಕಿನ ದಾರ ಕಿತ್ತು, ಗಾಳಿ ಅದನ್ನು ಹೊತ್ತುಕೊಂಡು ಹೋಗಿ ಮುಳ್ಳಿಗೆ ಸಿಕ್ಕಿಸಿತ್ತು. ಅದನ್ನು ಬಿಡಿಸಿಕೊಂಡು, ಕೈಯಲ್ಲಿ ಮುಖ ಮುಚ್ಚಿಕೊಂಡೇ ಇಳಿದು ಬಂದಳು. “ಸಾರಿ, ನನ್ನ ಮಾಸ್ಕ್...” ಎಂದಳು.

ಹಗ್ಗದ ಹಿಂದೆ ಒಂಬತ್ತು ಇರಬೇಕಿತ್ತು, ನಾನು ಮತ್ತೆ ಎಣಿಸಿದೆ. ಹತ್ತು. ಕ್ಲೇರ್ ಮಾಸ್ಕಿನ ಹಿಂದಿನಿಂದ, “ತಾತಾ, ಚಾ ಆರುತ್ತೆ” ಎಂದಳು.

ಡೆನಿಸ್ ಮಗುಚಿದ್ದ ಒಂದು ಕ್ರೇಟಿನ ಮೇಲೆ ಕುಳಿತರು. ಅವರ ಮುಖದ ಕೆಂಪು ಇಳಿದದ್ದನ್ನು ನಾನು ನೋಡಿದ್ದು ಆಗ ಮಾತ್ರ. ಕುಳಿತಲ್ಲಿಂದಲೇ “ಇವತ್ತಿಗೆ ಸಾಕು” ಎಂದು ಮಕ್ಕಳನ್ನೆಲ್ಲ ಕಳಿಸಿದರು. ನಾನು ಅವರ ಹತ್ತಿರ ಹೋಗಿ, “ಬಾವುಟ ಎತ್ತಿದ್ದು ನಾನು” ಎಂದೆ.

“ಕೋರ್ಸು ನಂದು. ಹೊಣೆ ನಂದು.”

“ಎಣಿಸಿದ್ದು ನಾನು, ಡೆನಿಸ್.”

ಅವರು ಘಟನೆ ಬರೆಯುವ ಪುಸ್ತಕ ತಂದು ನನ್ನ ಮುಂದಿಟ್ಟರು. ನಡೆದದ್ದನ್ನು ನಡೆದ ಹಾಗೆ ಬರೆದೆ. ಬರೆಯುವಾಗ ಕೈ ತಾನಾಗಿ ಆಫೀಸಿನ ಭಾಷೆಗೆ ಹೋಗುತ್ತಿತ್ತು: ‘ಎಣಿಕೆಯಲ್ಲಿ ವ್ಯತ್ಯಾಸ ಕಂಡುಬಂದಿದ್ದು’. ಅದನ್ನು ಹೊಡೆದುಹಾಕಿ ‘ನಾನು ತಪ್ಪಾಗಿ ಎಣಿಸಿದೆ’ ಎಂದು ಬರೆದೆ. ಇಬ್ಬರೂ ಸಹಿ ಹಾಕಿದೆವು. ಆಮೇಲೆ ಡೆನಿಸ್ ಮೆಲ್ಲಗೆ ಹೇಳಿದರು:

“ಕ್ಲಬ್ಬಿನ ಕಮಿಟಿಗೆ ನಾನು ತಿಳಿಸ್ತೀನಿ. ಅವಳ ಅಮ್ಮಂಗೆ ಈಗಲೇ ಹೇಳೋದು ಬೇಡ ಅನ್ಸುತ್ತೆ. ಆ ವಾರ್ಡಲ್ಲಿ ದಿನಾ ಜನ ಸಾಯೋದನ್ನ ನೋಡ್ತಿದಾಳೆ ಪಾಪ. ಯಾರಿಗೂ ಏನೂ ಆಗಿಲ್ಲವಲ್ಲ.”

ಕರುಣೆಯ ಮಾತು. ನನಗೆ ಅದು ಎಷ್ಟು ಹಿತವಾಯಿತೆಂದರೆ, ಕೂಡಲೇ ತಲೆಯಾಡಿಸಿಬಿಟ್ಟೆ.

ಕಾರಿನಲ್ಲಿ ನಿಧಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು.

“ಅಪ್ಪಾ, ನೀನು ಎಣಿಸಿದ್ಯಾ?” ಅಪರೂಪಕ್ಕೆ ಕನ್ನಡ.

“ಎಣಿಸಿದೆ.”

“ಯಾರನ್ನ ಎಣಿಸಿದೆ?”

“ವೆಸ್ಟನ್ನ” ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಸುಮಾ ಅಂದು ಮಧ್ಯಾಹ್ನ ಮನೆಯಲ್ಲಿದ್ದಳು. ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಅವರಮ್ಮಂಗೆ ಹೇಳಿದ್ರಾ?”

“ಡೆನಿಸ್ ಬೇಡ ಅಂದ್ರು. ಆಕೆಗೆ ಈಗಲೇ ಸಾಕಷ್ಟು ಕಷ್ಟ ಇದೆ ಅಂತ.”

“ನಂಗೂ ಇದೆ” ಎಂದಳು ಸುಮಾ. “ಆದ್ರೆ ನಿಧಿ ಆ ಪೊದೇಲಿದ್ದಿದ್ರೆ, ನಂಗೆ ಹೇಳ್ಬೇಕಿತ್ತು ರೀ.” ಮತ್ತೆ ನಲ್ಲಿ ತಿರುಗಿಸಿ ಅಕ್ಕಿ ತೊಳೆಯತೊಡಗಿದಳು.

ನಾನು ಡೆನಿಸ್‌ಗೆ ಫೋನ್ ಮಾಡಿ, ಹೇಳುತ್ತೇನೆ, ನಾನೇ ಹೇಳುತ್ತೇನೆ ಎಂದೆ. ಅವರು ಒಂದು ಉಸಿರು ಬಿಟ್ಟು, “ಸರಿ, ಅದೇ ಸರಿ” ಎಂದರು. ಫಿಯೋನಾ ಕೆಲಸದಲ್ಲಿದ್ದರು. ಸಂದೇಶ ಬಿಟ್ಟೆ. ಸಂಜೆ ಆರಕ್ಕೆ ಅವರೇ ಕರೆ ಮಾಡಿದರು. ಹಿನ್ನೆಲೆಯಲ್ಲಿ ಪಾರ್ಕಿಂಗಿನ ಸದ್ದು. ನಾನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದನ್ನು ಓದಿ ಹೇಳಿದೆ. ಅಷ್ಟು ಧೈರ್ಯದ ಮನುಷ್ಯ ನಾನು.

ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು.

“ಎಷ್ಟು ದೂರದಲ್ಲಿದ್ದಳು?”

“ಐವತ್ತು ಹೆಜ್ಜೆ.”

“ಗನ್ನಲ್ಲಿ ತೋಟಾ ಇತ್ತಾ?”

“ಇತ್ತು.”

“ಯಾರ ಕೈಲಿ?”

“ನನ್ನ ಮಗಳ ಕೈಲಿ.”

ನಂತರ ಅವರು ಬೇರೆ ಯಾರಿಗೋ ಹೇಳುವ ಹಾಗೆ ಹೇಳಿದರು: “ಮಾಸ್ಕ್ ಇಲ್ಲದೆ ಒಂದು ನಿಮಿಷ ಇದ್ರೂ ನಿನ್ನನ್ನ ಎಲ್ಲಿಗೂ ಕಳ್ಸಲ್ಲ ಅಂತ ಬೆಳಿಗ್ಗೆ ಅವಳಿಗೆ ಹೇಳಿದ್ದು ನಾನೇ.”

ಅಪಘಾತದ ಕಾಗದಗಳಲ್ಲಿ ಯಾರ ಪಾಲು ಎಷ್ಟು ಎಂದು ದಿನವೂ ಬರೆಯುವವನು ನಾನು. “ಅದು ನಿಮ್ಮ ತಪ್ಪಲ್ಲ, ನಂದು” ಎಂದೆ.

“ಹೌದು, ನಿಮ್ದೇ” ಎಂದರು ಫಿಯೋನಾ. ಕೋಪವಿರಲಿಲ್ಲ, ದಣಿವಿತ್ತು. “ಹೇಳಿದ್ದು ಒಳ್ಳೇದಾಯ್ತು. ಅವಳು ಇನ್ನು ಬರಲ್ಲ.” ಫೋನಿಟ್ಟರು.

ಎರಡು ವಾರ ಕೋರ್ಸು ನಿಂತಿತು. ಕಮಿಟಿಯವರು ಪರದೆಯ ಮೇಲೆ ಸಾಲಾಗಿ ಕುಳಿತು ನಮ್ಮಿಬ್ಬರನ್ನೂ ಕೇಳಿದರು. ನಾನು ಬಿಟ್ಟುಬಿಡುತ್ತೇನೆ ಎಂದೆ. ಅವರು, ಬಿಡುವುದಾದರೆ ಬಿಡಿ, ಆದರೆ ಬದಲಿಗೆ ಯಾರೂ ಇಲ್ಲ, ಒಂಬತ್ತು ಮಕ್ಕಳ ಕೋರ್ಸು ಅರ್ಧಕ್ಕೇ ನಿಲ್ಲುತ್ತದೆ ಎಂದರು. ಹೀಗೆ, ದೊಡ್ಡತನದಿಂದಲ್ಲ, ಬೇರೆ ಗತಿಯಿಲ್ಲದೆ ನಾನು ಉಳಿದೆ. ಎಣಿಸುವ ಕ್ರಮ ಬದಲಾಯಿತು. ಹೆಸರು ಕೂಗುತ್ತೇನೆ, ಮಗು ದೂರದಲ್ಲಿ ನಿಂತೇ ಒಂದು ಕ್ಷಣ ಮಾಸ್ಕ್ ಇಳಿಸಿ ಮುಖ ತೋರಿಸಿ ಓಗೊಡಬೇಕು. ಮಕ್ಕಳು ಮೊದಮೊದಲು ನಾಚಿಕೊಂಡರು. ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿದ್ದರು, ಮೀಸೆ ಚಿಗುರಿದವರಿದ್ದರು. ಇಷ್ಟು ವಾರ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮುಖಗಳಲ್ಲಿ ಒಂದೂ ಸರಿಯಾಗಿರಲಿಲ್ಲ. ಹೀಗೆ ಎಣಿಸಲು ತುಂಬ ಹೊತ್ತು ಹಿಡಿಯುತ್ತಿತ್ತು. ಡೆನಿಸ್ ಒಮ್ಮೆಯೂ ಬೇಗ ಎನ್ನಲಿಲ್ಲ.

ನಿಧಿ ಕೋರ್ಸು ಮುಗಿಸಿದಳು, ಸರ್ಟಿಫಿಕೇಟು ತಂದಳು, ಮತ್ತೆ ಬಂದೂಕು ಮುಟ್ಟಲಿಲ್ಲ. ಶಾಲೆಯಲ್ಲಿ ಹಾಕಿಯಂಥದೇ ಒಂದು ಐರಿಷ್ ಆಟ ಸೇರಿಕೊಂಡು ಮೊಣಕಾಲು ತರಚಿಸಿಕೊಂಡು ಬರುತ್ತಾಳೆ. ನೀವ್‌ಳ ಜೊತೆ ಫೋನಿನಲ್ಲಿ ಮಾತು ನಡೆದೇ ಇತ್ತು. ಆ ಶನಿವಾರದ ಬಗ್ಗೆ ಅವರಿಬ್ಬರು ಏನು ಮಾತಾಡಿಕೊಂಡರೋ, ನಾನು ಕೇಳಲಿಲ್ಲ.

ಮಾಸ್ಕುಗಳೆಲ್ಲ ಹೋದ ಮೇಲೆ, ಮರುವರ್ಷದ ಬೇಸಿಗೆಯ ಒಂದು ಭಾನುವಾರ, ನಾವು ಮೂವರೂ ಡನ್ ಲಿಯರಿಯ ಕಡಲ ಕಟ್ಟೆಯ ಮೇಲೆ ನಡೆಯುತ್ತಿದ್ದೆವು. ಬಿಸಿಲು ಬಿದ್ದ ದಿನ ಇಲ್ಲಿ ಊರಿಗೆ ಊರೇ ಬೀದಿಗೆ ಬರುತ್ತದೆ. ಐಸ್‌ಕ್ರೀಮಿನ ಸಾಲಿನಲ್ಲಿ ನಿಂತಿದ್ದಾಗ ನಾಯಿ ಹಿಡಿದುಕೊಂಡ ಒಬ್ಬ ಎತ್ತರದ ಹುಡುಗಿ ನನ್ನ ಮುಂದೆ ಬಂದು ನಿಂತು “ಹಲೋ” ಎಂದಳು. ನಾಯಿಗೆ ದಾರಿ ಬಿಡಬೇಕೇನೋ ಎಂದು ನಾನು ಪಕ್ಕಕ್ಕೆ ಸರಿದೆ.

“ಅಪ್ಪಾ! ಅದು ನೀವ್” ಎಂದಳು ನಿಧಿ.

ಆರು ಶನಿವಾರ ನಾನು ಎಣಿಸಿದ್ದ ಹುಡುಗಿ. ಮೂಗಿನ ಮೇಲೆಲ್ಲ ಕಂದು ಚುಕ್ಕೆ, ಮೇಲಿನ ಹಲ್ಲೊಂದು ಸ್ವಲ್ಪ ಮುಂದೆ, ಗಲ್ಲದಲ್ಲಿ ಗುಳಿ. ಈ ಮುಖವನ್ನು ನಾನು ನೋಡುತ್ತಿದ್ದುದು ಅದೇ ಮೊದಲು. ಅವಳು ನಾಯಿಯ ಹೆಸರು ಹೇಳಿದಳು, ಪರೀಕ್ಷೆಯ ಬಗ್ಗೆ ಏನೋ ಹೇಳಿದಳು. ನಾನು ಅದನ್ನೆಲ್ಲ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮುಖವನ್ನೇ ನೋಡುತ್ತಿದ್ದೆ.

“ಅಮ್ಮ ಅಲ್ಲಿದಾಳೆ” ಎಂದು ಕೈ ತೋರಿಸಿದಳು. ಕಟ್ಟೆಯ ತುದಿಯ ಕಡೆಗೆ ಒಂದು ಬೆಂಚಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದರು. ನಮ್ಮನ್ನು ನೋಡಿದರು. ಎದ್ದು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಎತ್ತಿದರು. ನಾನೂ ಎತ್ತಿದೆ.

ನೀವ್ ನಾಯಿ ಎಳೆದುಕೊಂಡು ವಾಪಸು ಹೊರಟಳು. ಜನ ಕಿಕ್ಕಿರಿದಿದ್ದರು, ಮಕ್ಕಳ ಗಾಡಿಗಳು, ಸೈಕಲ್ಲುಗಳು. ಅವಳ ತಲೆ ನಡುವೆ ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಸುಮಾ ನನ್ನ ಕೈಗೆ ಕೋನ್ ಕೊಟ್ಟು, “ಕರಗ್ತಿದೆ, ತಿನ್ರೀ” ಎಂದಳು. ತಿನ್ನುತ್ತೇನೆ ಎಂದೆ. ಹುಡುಗಿ ಬೆಂಚು ತಲುಪಿ ಅಮ್ಮನ ಪಕ್ಕ ಕೂರುವವರೆಗೆ ಕಾದೆ, ಆಮೇಲೆ ತಿಂದೆ.